ಮೊದಲು ಕದಿ, ಆಮೇಲೆ ನೋಡಿಕೊಳ್ಳುತ್ತೇವೆ

ಸೊಲ್ಲಾಪುರದಲ್ಲಿ ಸರ್ಕಾರಕ್ಕೆ ಬಡವರ ಮಕ್ಕಳ ಮೇಲೆ ಅಕ್ಕರೆ ಹುಟ್ಟಿದ್ದು ಇಂದು ನಿನ್ನೆಯಲ್ಲ. ಮಕ್ಕಳು ಹಾದಿ ತಪ್ಪುವ ಮೊದಲೇ ಕೈ ಹಿಡಿಯಬೇಕು ಎಂದು ಈಗ ತರಬೇತಿ ಶಿಬಿರಗಳಲ್ಲಿ ಚಹಾ ಬಿಸ್ಕತ್ತಿನ ನಡುವೆ ಹೇಳುತ್ತಾರಲ್ಲ, ಅದನ್ನು ಬ್ರಿಟಿಷರು ನೂರು ವರ್ಷದ ಹಿಂದೆಯೇ ಇಲ್ಲಿ ಮಾಡಿ ತೋರಿಸಿದ್ದರು. ಹಿಡಿದ ಕೈಯಲ್ಲಿ ಮುಳ್ಳುತಂತಿ ಇತ್ತು, ಅಷ್ಟೇ.

1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಹೊಸ ಅಂಗಿ ತೊಟ್ಟು ಮುಂಬಯಿ ಪ್ರಾಂತ್ಯಕ್ಕೂ ಬಂತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಜನರನ್ನು ತಂತಿ ಬೇಲಿಯೊಳಗೆ ಕೂಡಿಹಾಕುವ ಸೆಟ್ಲ್‌ಮೆಂಟುಗಳು ಎದ್ದವು. ಸ್ಟಾರ್ಟ್ ಎಂಬ ಐ.ಸಿ.ಎಸ್. ಸಾಹೇಬ ಅವುಗಳ ಉಸ್ತುವಾರಿ. ಸೊಲ್ಲಾಪುರದ್ದನ್ನು ಅಮೆರಿಕನ್ ಮರಾಠಿ ಮಿಷನ್ ನೋಡಿಕೊಳ್ಳುತ್ತಿತ್ತು. ಕೈಕಾಡಿ, ಪಾರ್ಧಿ, ಘಂಟಿಚೋರ ಎಂಬ ಕುಲದಲ್ಲಿ ಹುಟ್ಟಿದ್ದೇ ಅಪರಾಧ; ಕಳ್ಳತನ ಮಾಡುವ ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಅಪ್ಪ ಅವ್ವ ಹಾಜರಿ ಹೇಳಿ ಬಟ್ಟೆ ಗಿರಣಿಗೆ ನಡೆಯಬೇಕು. ಮಕ್ಕಳ ಬಗ್ಗೆಯಂತೂ ಇನ್ನೂ ಕಾಳಜಿ: 4 ವರ್ಷ ತುಂಬಿದ ಹುಡುಗನನ್ನು ಹೆತ್ತವರಿಂದ ಬಿಡಿಸಿ ಸುಧಾರಣಾ ಕೇಂದ್ರಕ್ಕೆ ಹಾಕಲು 1897ರ ತಿದ್ದುಪಡಿಯೇ ದಾರಿ ಮಾಡಿಕೊಟ್ಟಿತ್ತು. ಇದಕ್ಕಿಂತ ಮುಂಚೆ ನೆರವಾಗಬೇಕೆಂದರೆ ಬಸುರಿಯ ಹೊಟ್ಟೆಗೇ ಹಾಜರಿ ಹಾಕಬೇಕಿತ್ತು.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಸತ್ತಿತು. ಏಳೇ ವರ್ಷಕ್ಕೆ ಮುಂಬಯಿ ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆ ತಂದು ಸೂತಕ ಕಳೆಯಿತು. ತಂತಿ ಬೇಲಿ ಹೋಯಿತು, ಓಣಿಯ ಹೆಸರು ಹೋಗಲಿಲ್ಲ. ಸೊಲ್ಲಾಪುರದಲ್ಲೂ ಹುಬ್ಬಳ್ಳಿಯಲ್ಲೂ ಇವತ್ತಿಗೂ ಅದು ಸೆಟ್ಲ್‌ಮೆಂಟೇ. ಠಾಣೆಯಲ್ಲಿ ಹುಡುಗನೊಬ್ಬ ವಿಳಾಸ ಹೇಳಿದರೆ ಫೌಜದಾರರಿಗೆ ಅರ್ಧ ತನಿಖೆ ಅಲ್ಲೇ ಮುಗಿದಂತೆ.

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮದು 2015ರ ಬಾಲನ್ಯಾಯ ಕಾಯ್ದೆ. ವ್ಯಂಗ್ಯ ಬದಿಗಿಟ್ಟು ಹೇಳುತ್ತೇನೆ, ಒಳ್ಳೆಯ ಕಾಯ್ದೆ. ಬರೆದವರಿಗೆ ಮಕ್ಕಳು ಗೊತ್ತಿದ್ದಾರೆ ಅನಿಸುತ್ತದೆ. ತೊಂದರೆ ಒಂದೇ: ಅದರ ರುಚಿ ಹತ್ತಬೇಕಾದರೆ ಮೊದಲು ಏನಾದರೂ ಕದಿಯಬೇಕು.

ಅಕ್ಕಲಕೋಟೆ ತಾಲೂಕಿನ ಯಾವುದಾದರೂ ಹಳ್ಳಿಯ ಹುಡುಗನನ್ನು ಮನಸ್ಸಿಗೆ ತಂದುಕೊಳ್ಳಿ. ಅಪ್ಪ ಕಬ್ಬು ಕಡಿಯಲು ಹೋದವನು ಸೀಸನ್ ಮುಗಿಯುವವರೆಗೆ ಬರುವುದಿಲ್ಲ. ಅವ್ವ ಸೊಲ್ಲಾಪುರದಲ್ಲಿ ಅಕ್ಕನ ಮನೆಯಲ್ಲಿದ್ದು ಬೀಡಿ ಕಟ್ಟುತ್ತಾಳೆ. ಹುಡುಗ ಏಳನೆಯ ಇಯತ್ತೆಗೆ ಕನ್ನಡ ಶಾಲೆ ಬಿಟ್ಟ, ಚಹಾದಂಗಡಿಯಲ್ಲಿ ಕಪ್ಪು ತೊಳೆದ, ಆಮೇಲೆ ಅದನ್ನೂ ಬಿಟ್ಟ. ಊರಲ್ಲಿ ಗ್ರಾಮ ಬಾಲ ಸಂರಕ್ಷಣಾ ಸಮಿತಿ ಇರಬೇಕೆಂಬ ನಿಯಮವಿದೆ. ಸರಪಂಚರು, ಪೊಲೀಸ್ ಪಾಟೀಲರು, ಅಂಗನವಾಡಿ ಬಾಯಿ ಎಲ್ಲ ಅದರಲ್ಲಿ ಇದ್ದಾರೆ. ಅಂಗನವಾಡಿ ಬಾಯಿಯನ್ನು ಕೇಳಿ ನೋಡಿ. “ಸಮಿತಿ ಐತ್ರಿ ಅಣ್ಣಾರ, ಸಹೀನೂ ಮಾಡೀನಿ. ಮೀಟಿಂಗ್ ಆದ್ರ ನನಗೂ ತಿಳಸ್ರಿ” ಅಂದಾಳು.

ಅದೇ ಹುಡುಗ ಗುರುವಾರದ ದಿನ ಸ್ವಾಮಿ ಸಮರ್ಥರ ಗುಡಿಯ ಗದ್ದಲದಲ್ಲಿ ಪುಣೆಯ ಭಕ್ತರೊಬ್ಬರ ಮೊಬೈಲ್ ಎತ್ತಲಿ. ಇಡೀ ರಾಜ್ಯ ಎದ್ದು ನಿಲ್ಲುತ್ತದೆ! ಸಮವಸ್ತ್ರ ಕಳಚಿಟ್ಟ ಪೊಲೀಸರು, 24 ತಾಸಿನೊಳಗೆ ಬಾಲನ್ಯಾಯ ಮಂಡಳಿ, ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜಸೇವಕರು, ಅದರಲ್ಲಿ ಒಬ್ಬರಾದರೂ ಹೆಂಗಸು. ಪ್ರೊಬೇಷನ್ ಅಧಿಕಾರಿ 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅಪ್ಪ ಕುಡಿಯುತ್ತಾನೆಯೇ, ಶಾಲೆ ಯಾಕೆ ಬಿಟ್ಟೆ, ಮನೆಯಲ್ಲಿ ಯಾರು ಹೊಡೆಯುತ್ತಾರೆ, ಗೆಳೆಯರು ಯಾರು? ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆಗಳನ್ನು ಒಂದೇ ಮಧ್ಯಾಹ್ನ ಕೇಳಿಸಿಕೊಂಡು ಹುಡುಗ ಕಕ್ಕಾಬಿಕ್ಕಿ. ಎಲ್ಲವೂ ಮರಾಠಿಯಲ್ಲಿ. ದುಭಾಷಿಗೂ ನಿಯಮದಲ್ಲಿ ಜಾಗವಿದೆ. ಆ ಜಾಗದಲ್ಲಿ ಬಹಳ ಸಲ ಬಾಗಿಲ ಬಳಿ ನಿಂತ ಜವಾನನೇ ಇರುತ್ತಾನೆ. ವಯಸ್ಸಿಗೆ ಶಾಲೆಯ ದಾಖಲೆ ಬೇಕು. ಅದೂ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ ಎಂದಾದರೆ ಎಲುಬಿನ ಪರೀಕ್ಷೆ. ಗುರುಗಳು ಗಮನಿಸದ ಹುಡುಗನ ಲೆಕ್ಕವನ್ನು ಅವನ ಎಲುಬಾದರೂ ಇಟ್ಟಿರುತ್ತದೆ.

ಕದಿಯದೆ ನೆರವು ಪಡೆಯುವ ದಾರಿಯೇ ಇಲ್ಲವೆಂದಲ್ಲ. ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಮಹಾರಾಷ್ಟ್ರದ ಸಾವಿತ್ರಿಬಾಯಿ ಫುಲೆ ಬಾಲಸಂಗೋಪನ ಯೋಜನೆಯಲ್ಲಿ 2,250 ಇದೆ. ವಾತ್ಸಲ್ಯಕ್ಕೆ ಹಳ್ಳಿಯ ಮನೆಯ ವರಮಾನ ವರ್ಷಕ್ಕೆ 72,000 ದಾಟಬಾರದು. ದಾಟಿಲ್ಲವೆಂದು ತಹಸೀಲಿಯಿಂದ ದಾಖಲೆ ತರಬೇಕು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಚೀಟಿ, ಫೋಟೋ. ಒಂದು ದಿನದ ಬೀಡಿ ಕೂಲಿ ಬಿಟ್ಟು ಬಂದ ಅವ್ವನಿಗೆ ಗುಮಾಸ್ತರು “ಸರ್ವರ್ ಡೌನ್ ಐತಿ, ನಾಳೆ ಬಾ” ಅನ್ನುತ್ತಾರೆ. ಮೊಬೈಲ್ ಕದಿಯಲು ಯಾವ ಕಾಗದವೂ ಬೇಡ. ಹುಡುಗರು ದಡ್ಡರಲ್ಲ.

ಇನ್ನು ಪುಣೆಯ ನಿಬಂಧ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಸ್ಟೀರಿಂಗ್ ಹಿಡಿದಿದ್ದನೆನ್ನಲಾದ 17ರ ಹುಡುಗನಿಗೆ ಇಂಥದೇ ಬಾಲನ್ಯಾಯ ಮಂಡಳಿಯಿಂದ ಅಂದೇ ಜಾಮೀನು. ಷರತ್ತುಗಳಲ್ಲಿ ಒಂದು, ಅಪಘಾತದ ಕುರಿತು 300 ಪದಗಳ ಪ್ರಬಂಧ. ದೇಶವೆಲ್ಲ ಉರಿದೆದ್ದಿತು. ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿದರು, ಆಸ್ಪತ್ರೆಯಲ್ಲಿ ರಕ್ತದ ಮಾದರಿ ಬದಲಾಯಿಸಿದ ಆರೋಪದಲ್ಲಿ ವೈದ್ಯರೇ ಸಿಕ್ಕಿಬಿದ್ದರು. ಸಿಟ್ಟು ಸರಿಯೇ. ಆದರೆ ಸಿಟ್ಟಿನಲ್ಲಿ ಎದ್ದ ಕೂಗು ಏನು? ಮಕ್ಕಳ ಕಾಯ್ದೆ ಬಿಗಿ ಮಾಡಿ, ವಯಸ್ಸು ಇಳಿಸಿ. ಇಳಿಸಿದರೆ ಪೋರ್ಶೆಯವರ ಮಗನಿಗೆ ಇನ್ನಿಬ್ಬರು ವಕೀಲರು ಹೆಚ್ಚಾಗುತ್ತಾರೆ, ಸೆಟ್ಲ್‌ಮೆಂಟಿನ ಹುಡುಗ ನೇರ ಜೈಲಿಗೆ ಹೋಗುತ್ತಾನೆ. ಕಾಯ್ದೆಯ ಮೃದು ಮಾತು ಅವನಿಗೆ ತಲುಪುವ ಮೊದಲೇ ಅದನ್ನು ವಾಪಸು ಪಡೆಯುವ ಆತುರ ನಮಗೆ.

ಮೊದಲೇ ಹೋಗಿ ಬಾಗಿಲು ತಟ್ಟಿದವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲವೇ ಎಂದರೆ, ಇದ್ದಾರೆ. 2021ರಲ್ಲಿ ಸೊಲ್ಲಾಪುರ ಗ್ರಾಮೀಣ ಎಸ್‌ಪಿ ತೇಜಸ್ವಿ ಸಾತಪುತೆ ‘ಆಪರೇಷನ್ ಪರಿವರ್ತನ್’ ಶುರು ಮಾಡಿದರು. ಮುಳೇಗಾಂವ ತಾಂಡಾದಂಥ ಕಡೆ ಕಳ್ಳ ಸಾರಾಯಿ ಭಟ್ಟಿ ಒಡೆದು ಹೋಗುತ್ತಿದ್ದ ಪೊಲೀಸರು ಈ ಸಲ ಕುಳಿತು ಮಾತಾಡಿದರು, ಬೇರೆ ಕಸುಬು ಹುಡುಕಿಕೊಟ್ಟರು. ಮೆಚ್ಚತಕ್ಕದ್ದು. ಸಮಾಜ ಕಲ್ಯಾಣದ ಕೆಲಸಕ್ಕೆ ಕೊನೆಗೆ ಬಂದದ್ದು ಠಾಣೆಯೇ ಎಂಬುದನ್ನು ಆ ಇಲಾಖೆಯವರಿಗೆ ಮಾತ್ರ ಯಾರೂ ಹೇಳಬೇಡಿ, ಬೇಜಾರಾದಾರು.

ಉಳಿದದ್ದು ಗಡಿ ವೀರರ ಪಾತ್ರ. ಮಹಾರಾಷ್ಟ್ರದ ಪಾಲಾದ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ತಕರಾರಿನ ಮಹಾಜನ ಆಯೋಗ ಹೇಳಿತು. ಬೆಳಗಾವಿ ಕಡೆಯ ಹಳ್ಳಿಗಳು ತನಗೆ ಬೇಕೆಂದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2022ರ ಚಳಿಗಾಲದಲ್ಲಿ ಎರಡೂ ಕಡೆಯವರು ಬಸ್ಸಿಗೆ ಮಸಿ ಬಳಿದು ಅಭಿಮಾನ ತೋರಿಸಿದರು. ಹೊಲ ನಮ್ಮದು, ಗುಡಿ ನಮ್ಮದು, ನುಡಿ ನಮ್ಮದು. ನನ್ನದೊಂದು ವಿನಂತಿ: ಮುಂದಿನ ವಿಚಾರಣೆಗೆ ಹಳ್ಳಿಗಳ ಪಟ್ಟಿಯ ಜೊತೆ ಎರಡೂ ಬದಿಯ ರಿಮಾಂಡ್ ಹೋಮುಗಳ ಹಾಜರಿ ಪುಸ್ತಕವನ್ನೂ ಇಡಲಿ. ‘ಇದು ನಮ್ಮದಲ್ಲ’ ಎಂದು ಯಾವ ರಾಜ್ಯದ ವಕೀಲರು ಮೊದಲು ಏಳುತ್ತಾರೋ ನೋಡೋಣ.