ಅಜ್ಜ ಹಚ್ಚಿದರೆ ಅಪರಾಧ, ಇಲಾಖೆ ಹಚ್ಚಿದರೆ ವಿಜ್ಞಾನ

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿಯನ್ನೂ ಸಿಡಿಮದ್ದನ್ನೂ ಒಂದೇ ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಜೀವ ತೆತ್ತರು. ಸಪ್ತಾಹ ಅವರ ನೆನಪಿಗೆ, ಕೈ ಮುಗಿಯಲೇಬೇಕು. ಆದರೆ ಚಾಮರಾಜನಗರ ಜಿಲ್ಲೆಯ ಹನೂರಿನ ಕಾಡಿಗೆ ಈ ಪಂಚಾಂಗವನ್ನು ಯಾರೂ ಓದಿ ಹೇಳಿಲ್ಲ. ಅಲ್ಲಿನ ಮಾದಪ್ಪನ ಬೆಟ್ಟದ ಕಾಡು ಹೊತ್ತಿಕೊಳ್ಳುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಸಪ್ತಾಹದ ಬ್ಯಾನರ್ ಕಟ್ಟುವ ಹೊತ್ತಿಗೆ ಬೆಂಕಿ ತನ್ನ ಕೆಲಸ ಮುಗಿಸಿ ರಜೆ ಹಾಕಿರುತ್ತದೆ.

ಆದರೂ ಸಪ್ತಾಹದಲ್ಲಿ ಯುವಕರಿಗೆ ತರಬೇತಿ ಆಗಲೇಬೇಕಲ್ಲ! ಕಾಲೇಜು ಮೈದಾನದಲ್ಲಿ ಶಾಮಿಯಾನ. ತಗಡಿನ ತಟ್ಟೆಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚುತ್ತಾರೆ. ಮುಖ್ಯ ಅತಿಥಿಗಳು ಕೆಂಪು ಸಿಲಿಂಡರಿನ ಪಿನ್ ಕಿತ್ತು ಪುಡಿ ಎರಚುತ್ತಾರೆ. ಫೋಟೊ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಹಚ್ಚುತ್ತಾರೆ. ಇಷ್ಟು ಹೇಳಿದ ಮಾತು ಕೇಳುವ ಬೆಂಕಿಯನ್ನು ನಮ್ಮ ಹುಡುಗರು ಮುಂದೆಂದೂ ಕಾಣಲಾರರು. ಗ್ಯಾಸ್ ಹೊತ್ತಿಕೊಂಡರೆ ಒದ್ದೆ ಗೋಣಿಚೀಲ ಹೊದಿಸುವುದನ್ನೂ ಕಲಿಸುತ್ತಾರೆ, ಅದು ನಿಜಕ್ಕೂ ಉಪಯೋಗದ ಮಾತು. ಇನ್ನು ದೊಡ್ಡ ಬೆಂಕಿಗೆ ಗಾಡಿ ಕರೆಯಿರಿ ಎನ್ನುತ್ತಾರೆ. ರಸ್ತೆಯಿಲ್ಲದೆ ಡೋಲಿ ಕಟ್ಟಿ ರೋಗಿಗಳನ್ನು ಹೊತ್ತು ತಂದ ಪಡಸಲನತ್ತದಂಥ ಊರುಗಳ ಹುಡುಗ, ನೀರು ತುಂಬಿದ ಆ ಗಾಡಿಯನ್ನು ಯಾವ ಹೆಗಲ ಮೇಲೆ ಹೊತ್ತು ತರಬೇಕೆಂದು ಕೇಳುವುದಿಲ್ಲ. ತರಬೇತಿಯಲ್ಲಿ ಶಿಸ್ತು ಮುಖ್ಯ.

ಪಾಠದ ತಿರುಳು ಅಗ್ನಿ ತ್ರಿಕೋನ. ಉರುವಲು, ಗಾಳಿ, ಶಾಖ, ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ಈ ಸಂಗತಿಯನ್ನು ಇಲ್ಲಿನ ಕಾಡಿನ ಆದಿವಾಸಿಗಳಾದ ಸೋಲಿಗರು ಬೋರ್ಡಿಲ್ಲದೆ ತಿಳಿದಿದ್ದರು. ಬೇಸಿಗೆ ಕಾವೇರುವ ಮೊದಲೇ ಒಣಗಿದೆಲೆಗೆ ಸಣ್ಣಗೆ ತರಗುಬೆಂಕಿ ಇಟ್ಟು, ಉರುವಲನ್ನೇ ಇಲ್ಲದಂತೆ ಮಾಡುತ್ತಿದ್ದರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಪಕ್ಕದ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ತರಗುಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಎಂಬ ಕಳೆಪೊದೆ ಆಳೆತ್ತರ ಬೆಳೆಯಿತು. ಒಣಗಿದ ಲಂಟಾನವನ್ನು ಹತ್ತಿದ ಬೆಂಕಿ ನೆಲ ಬಿಟ್ಟು ಮರದ ತುದಿಗೇರುತ್ತದೆ. ಈಗ ಅರಣ್ಯ ಇಲಾಖೆಯೇ ಬೇಸಿಗೆಗೆ ಮುಂಚೆ ಅಂಚು ಸುಟ್ಟು ಬೆಂಕಿರೇಖೆ ಮಾಡಿಸುತ್ತದೆ. ಕೂಲಿಗೆ ಬರುವವರು ಯಾರೆಂದುಕೊಂಡಿರಿ? ಅದೇ ಸೋಲಿಗರು. ಅಜ್ಜನ ಕೈಯಲ್ಲಿದ್ದಾಗ ಕೇಸಾಗುತ್ತಿದ್ದ ಬೆಂಕಿ ಮೊಮ್ಮಗನ ಕೈಯಲ್ಲಿ ದಿನಗೂಲಿಯಾಗಿದೆ.

ದೆಹಲಿಯವರಿಗೂ ನಮ್ಮ ಚಿಂತೆಯಿದೆ. ವಿಪತ್ತಿನಲ್ಲಿ ನೆರವಾಗುವವರನ್ನು ತಯಾರಿಸುವ ಆಪದಮಿತ್ರ ಯೋಜನೆಯಲ್ಲಿ 350 ಜಿಲ್ಲೆಗಳ 1 ಲಕ್ಷ ಸ್ವಯಂಸೇವಕರಿಗೆ 12 ದಿನ ತರಬೇತಿ ಎಂದರು. ಕರ್ನಾಟಕದಲ್ಲಿ ಅಗ್ನಿಶಾಮಕದವರೇ ಮೇಷ್ಟರಾದರು. ಒಳ್ಳೆಯದೇ. ವಯಸ್ಸು ಮಾತ್ರ 18ರಿಂದ 40ರೊಳಗಿರಬೇಕಿತ್ತು. ಅಂದರೆ ಬೆಂಕಿಯನ್ನು ನಿಜವಾಗಿ ಬಲ್ಲ ಅಜ್ಜ ವಯಸ್ಸು ಮೀರಿದ ಅನರ್ಹ. ಅವನಿಗೆ ಸರ್ಟಿಫಿಕೇಟೂ ಇಲ್ಲ, ಮೈಕೂ ಇಲ್ಲ.

ಅಗ್ನಿಶಾಮಕದ ಸಾಹೇಬರೇ, ಹನೂರಿನ ಮುಂದಿನ ಶಿಬಿರವನ್ನು ಜನವರಿಯಲ್ಲಿ ಇಡಿ, ಮೈದಾನದಲ್ಲಲ್ಲ, ಸೋಲಿಗರ ಹಾಡಿಯಾದ ಪೋಡಿನಲ್ಲಿ. ಪಾಠ ಹೇಳಲು ಸೋಲಿಗ ಅಜ್ಜನನ್ನು ಕರೆಯಿರಿ, ಅರಣ್ಯದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಮುಖ್ಯ ಅತಿಥಿಗಳಿಗೆ ಕೊಡುವ ಶಾಲು, ಹಾರದ ದುಡ್ಡನ್ನು ಅಜ್ಜನ ಸಂಭಾವನೆಗೆ ಕೊಡಿ.