ಪ್ರಗತಿಶೀಲ ಬಂಡೆ: ಒಂದು ಪಾಠಾಂತರ ಮೀಮಾಂಸೆ

1. ವ್ಯಾಪ್ತಿ, ಮಿತಿ ಮತ್ತು ಪರಿಭಾಷೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿ: ಬೆಂಗಳೂರಿನಲ್ಲಿರುವ ನನ್ನ ಷಡ್ಡಕರ ಮನೆಯ ಮಹಡಿ ಕೋಣೆ. ಮಿತಿ: ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಕೆಳಗಿನಿಂದ ನಾದಿನಿ "ಇನ್ನು ಸಾಕು ಮಾಡಿ, ಪಕ್ಕದ ಮನೆಯವರು ಮಲಗಬೇಕು" ಎಂದು ಕೂಗುತ್ತಾಳೆ. ಸಂಶೋಧನೆ ಅಲ್ಲಿಗೆ ಸ್ಥಗಿತಗೊಳ್ಳುತ್ತದೆ. ಪ್ರೇರಣೆ: ಹನ್ನೊಂದು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಆ ಕೋಣೆಯಲ್ಲಿ ಕೂತು, ಚುರುಮುರಿ ಮೆಲ್ಲುತ್ತ, ಸಂಗೀತವೊಂದನ್ನು ಬಿಟ್ಟು ಸಂಗೀತದ ಬಗೆಗಿನ ಮಿಕ್ಕೆಲ್ಲವನ್ನೂ ಕೇಳಿಸಿಕೊಂಡ ಯಾತನೆ. ತಾತ್ವಿಕ ಚೌಕಟ್ಟು: ಇಲ್ಲ. ಆದರೆ ಚೌಕಟ್ಟಿಲ್ಲದ ಪ್ರಬಂಧವನ್ನು ವಿಚಾರಸಂಕಿರಣಗಳಲ್ಲಿ ಯಾರೂ ಓದಗೊಡುವುದಿಲ್ಲವಾದ್ದರಿಂದ, ಓದುಗರು ಸೂಕ್ತ ಕಂಡಲ್ಲೆಲ್ಲ ‘ಸಂಕಥನ’, ‘ಅನುಸಂಧಾನ’, ‘ಯಜಮಾನಿಕೆ’ ಎಂಬ ಪದಗಳನ್ನು ತಾವೇ ಉದುರಿಸಿಕೊಂಡು ಓದತಕ್ಕದ್ದು.

ಪ್ರಾಗ್ರೆಸಿವ್ ರಾಕ್ ಎಂಬುದನ್ನು ಇಲ್ಲಿ ‘ಪ್ರಗತಿಶೀಲ ಬಂಡೆ’ ಎಂದು ಕರೆಯಲಾಗಿದೆ. ಅನಕೃ ಅವರ ಪ್ರಗತಿಗೂ ಈ ಪ್ರಗತಿಗೂ ಸಂಬಂಧವಿಲ್ಲ. ಬಂಡೆಗೂ ಬಂಡಾಯಕ್ಕೂ ಇರಬಹುದಾದ ಧಾತುಸಂಬಂಧವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ, ಅವರಿಗೂ ಪಿಎಚ್.ಡಿ. ಬೇಕಲ್ಲ.

ಸ್ಥೂಲವಾಗಿ ಇಷ್ಟು: 1960ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಹುಡುಗರಿಗೆ ಮೂರು ನಿಮಿಷದ ಹಾಡು ಸಾಲದೆನಿಸಿತು. ಒಂದು ಹಾಡಿಗೆ ರೆಕಾರ್ಡಿನ ಒಂದಿಡೀ ಮುಖ ಬೇಕೆಂದರು. ನಾಲ್ಕರ ಲೆಕ್ಕ ಬೇಸರವಾಗಿ ಏಳಕ್ಕೆ, ಹದಿಮೂರಕ್ಕೆ ಎಣಿಸಿದರು. ಪಿಟೀಲು ವೃಂದವನ್ನು ಊರೂರಿಗೆ ಹೊತ್ತೊಯ್ಯಲಾಗದೆ ಮೆಲೊಟ್ರಾನ್ ಎಂಬ ವಾದ್ಯ ಹಿಡಿದರು. ನೋಡಲು ಅದು ಹಾರ್ಮೋನಿಯಮ್ಮಿನ ದೊಡ್ಡಪ್ಪ. ಪ್ರತಿ ಕೀಯ ಕೆಳಗೂ ಪಿಟೀಲನ್ನೋ ಕೊಳಲನ್ನೋ ಮುದ್ರಿಸಿದ ಟೇಪಿನ ತುಂಡು. ಒತ್ತಿ ಹಿಡಿದರೆ ಸುಮಾರು ಎಂಟು ಸೆಕೆಂಡು ನುಡಿಯುತ್ತದೆ, ಟೇಪು ಮುಗಿಯುತ್ತದೆ, ಸ್ವರ ಸಾಯುತ್ತದೆ. ಈ ಎಂಟು ಸೆಕೆಂಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2. ವಕ್ತೃಗಳು

ಮುಖ್ಯ ವಕ್ತೃ: ಷಡ್ಡಕರು. ವಯಸ್ಸು 61. ವಿದ್ಯಾರ್ಹತೆ: ಬಿ.ಇ. ವೃತ್ತಿ: ನಿವೃತ್ತಿ. ಮಾಹಿತಿ ಸಂಗ್ರಹಿಸಿದ ವಿಧಾನ: ತಪ್ಪಿಸಿಕೊಳ್ಳಲಾಗದೆ. ಉಪವಕ್ತೃಗಳು ನಾಲ್ವರು. ಅವರಲ್ಲಿ ಇಬ್ಬರಿಗೆ ಪರಸ್ಪರ ಮಾತಿಲ್ಲ. ಆಸ್ತಿ ವ್ಯಾಜ್ಯವೇನಲ್ಲ, 1972ರಲ್ಲಿ ಬಿಲ್ ಬ್ರೂಫರ್ಡ್ ಎಂಬ ಡ್ರಮ್ಮರು ಯೆಸ್ ತಂಡ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ್ದು ಸರಿಯೇ ತಪ್ಪೇ ಎಂಬುದು ಅವರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಮುಖ್ಯ ವಕ್ತೃವಿನ ನಿಷ್ಠೆಗೆ ಒಂದು ನಿದರ್ಶನ. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರಾಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದರು. ಸುತ್ತಲಿನವರು ಗಂಟಲು ಹರಿಯುವಂತೆ ಜೊತೆಗೆ ಹಾಡುತ್ತಿದ್ದಾಗ ನಮ್ಮ ಷಡ್ಡಕರು ಬಸ್ ಟಿಕೆಟ್ಟಿನ ಹಿಂಭಾಗದಲ್ಲಿ ಏನೋ ಗೀಚುತ್ತಿದ್ದರು. ಏನೆಂದರೆ, ಆಗಲೇ ಬಂದಿದ್ದ ಲೈವ್ ಆಲ್ಬಮ್ಮಿನ ಹಾಡುಗಳ ಕ್ರಮಕ್ಕೂ ಅಂದಿನ ಕ್ರಮಕ್ಕೂ ಇರುವ ಪಾಠಭೇದ. ಆ ಟಿಕೆಟ್ ಇವತ್ತಿಗೂ ಇದೆ. ಅಂದಿನ ಸಂಜೆ ಹೇಗಿತ್ತೆಂದು ಕೇಳಿದರೆ ಟಿಕೆಟ್ ತೋರಿಸುತ್ತಾರೆ.

3. ವರ್ಗೀಕರಣ

ಪ್ರಗತಿಶೀಲ ಬಂಡೆಯ ರಸಿಕರು ಐದು ವರ್ಗ.

ಅ) ಸಂಖ್ಯಾವಾದಿ. ಈತ ಹಾಡು ಕೇಳುವುದಿಲ್ಲ, ಲೇಬಲ್ ಓದುತ್ತಾನೆ. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ 1969ರ ಅಕ್ಟೋಬರ್ 10ರಂದು ಬಂತು. ಐಲೆಂಡ್ ಕಂಪನಿಯ ಗುಲಾಬಿ ಬಣ್ಣದ ಲೇಬಲ್, ಕ್ರಮಸಂಖ್ಯೆ ಐಎಲ್‌ಪಿಎಸ್ 9111. ಗುಲಾಬಿ ಲೇಬಲ್ಲಿನದು ಶ್ರುತಿ. ಆಮೇಲೆ ಅಚ್ಚಾದದ್ದೆಲ್ಲ ಸ್ಮೃತಿ. ರೆಕಾರ್ಡಿನಲ್ಲಿ ಹಾಡು ಮುಗಿದ ಮೇಲೆ ಉಳಿಯುವ ನುಣುಪು ಅಂಚಿನಲ್ಲಿ ಅಚ್ಚಿನವರು ಗೀರಿದ ಅಕ್ಷರಗಳಿರುತ್ತವೆ. ಜಾರ್ಜ್ ಪೆಕಮ್ ಎಂಬ ಪ್ರಸಿದ್ಧ ಕುಶಲಕರ್ಮಿ ತಾನು ಕೆತ್ತಿದ ತಟ್ಟೆಗಳ ಮೇಲೆ ‘ಪೋರ್ಕಿ’ ಎಂಬ ತನ್ನ ಅಡ್ಡಹೆಸರು ಗೀರುತ್ತಿದ್ದ. ಹಲ್ಮಿಡಿ ಶಾಸನವನ್ನೂ ಇಷ್ಟು ಬಗ್ಗಿ ನೋಡಿದವರಿಲ್ಲ.

ಆ) ಪೀಳಿಗೆವಾದಿ. ಕಛೇರಿಯಲ್ಲಿ ಕದ್ದು ಮುದ್ರಿಸಿದ ಟೇಪು ಮೂಲಪ್ರತಿ, ಅದರಿಂದ ಇಳಿಸಿಕೊಂಡದ್ದು ಮೊದಲ ಪೀಳಿಗೆ, ಅದರಿಂದ ಇನ್ನೊಂದು. ಪ್ರತಿ ಪೀಳಿಗೆಗೂ ಹಿಸ್ಸೆಂಬ ಸದ್ದು ಹೆಚ್ಚುತ್ತದೆ, ವಂಶ ಕೆಡುತ್ತದೆ. ಗಂಡಿನ ಕಡೆಯವರು ಗೋತ್ರ ವಿಚಾರಿಸುವ ಹಾಗೆ ಈತ ಟೇಪಿನ ಪ್ರವರ ಕೇಳುತ್ತಾನೆ. ಇವನಿಗೆ ಹೇಳಬಾರದ ಸತ್ಯವೊಂದಿದೆ: ಮೇಲೆ ಹೇಳಿದ ಕ್ರಿಮ್ಸನ್ ಆಲ್ಬಮ್ಮಿನ ಮೂಲ ಟೇಪೇ ಎಷ್ಟೋ ವರ್ಷ ನಾಪತ್ತೆಯಾಗಿತ್ತು. ಆ ಕಾಲದಲ್ಲಿ ಸಿಡಿ ಕೊಂಡವರೆಲ್ಲ ಪ್ರತಿಯ ಪ್ರತಿಯನ್ನೇ ಕೇಳಿ ಕಣ್ಣೊರೆಸಿಕೊಂಡರು. ಆ ಕಣ್ಣೀರು ಎಷ್ಟನೇ ಪೀಳಿಗೆಯದು?

ಇ) ಪೆಟ್ಟಿಗೆವಾದಿ. ಯೆಸ್ ತಂಡದ ‘ಪ್ರೊಜೆನಿ’ ಎಂಬ ಪೆಟ್ಟಿಗೆ 2015ರಲ್ಲಿ ಬಂತು: 1972ರ ಏಳು ಕಛೇರಿ, 14 ಸಿಡಿ. ಏಳು ರಾತ್ರಿಯೂ ಹೆಚ್ಚುಕಡಿಮೆ ಅವೇ ಹಾಡು, ಅದೇ ಕ್ರಮ. ಕ್ರಿಮ್ಸನ್‌ನ ‘ರೆಡ್’ 1974ರ ಆಲ್ಬಮ್, ಐದು ಹಾಡು, ಸುಮಾರು 40 ನಿಮಿಷ. ಅದಕ್ಕೆ ಆ ತಂಡ ನಡೆದು ಬಂದ ದಾರಿಯನ್ನು ತೋರಿಸುವ ಪೆಟ್ಟಿಗೆ 2013ರಲ್ಲಿ ಬಂತು: 24 ತಟ್ಟೆ. ಷಡ್ಡಕರ ಬಳಿ ಎರಡೂ ಇವೆ. ಎರಡನೆಯದರ ಎಂಟನೇ ತಟ್ಟೆಯ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ.

ಈ) ನಾಕ್ಷತ್ರಿಕ. ಆಲ್ಬಮ್ಮಿಗೆ ಐದಕ್ಕೆ ಇಷ್ಟು ನಕ್ಷತ್ರವೆಂದು ಕೊಡುವವನು. ನಮ್ಮ ಪಂಚಾಂಗದಲ್ಲಿ ನಕ್ಷತ್ರಕ್ಕೆ ನಾಲ್ಕು ಪಾದ, ಇವರಲ್ಲಿ ಎರಡೇ. ಆದರೆ ಆ ಅರ್ಧ ನಕ್ಷತ್ರಕ್ಕಾಗಿ ಕಾಫಿ ಲೋಟ ಬೋರಲಾದದ್ದನ್ನು ಕಂಡಿದ್ದೇನೆ. ನಕ್ಷತ್ರ ಕೊಡುವ ಮೊದಲು ಕುಲ ಗೊತ್ತಾಗಬೇಕು: ಸಿಂಫೋನಿಕ್, ಕ್ಯಾಂಟರ್ಬರಿ, ಕ್ರೌಟ್‌ರಾಕ್, ನಿಯೋ, ಜಾಯ್ಲ್. ಕೊನೆಯದು ಮ್ಯಾಗ್ಮಾ ಎಂಬ ಫ್ರೆಂಚ್ ತಂಡದ್ದು. ಅದರ ಯಜಮಾನ ಕ್ರಿಶ್ಚಿಯನ್ ವಾಂಡರ್, ಹಾಡುವುದಕ್ಕೆಂದೇ ಕೊಬಾಯನ್ ಎಂಬ ಹೊಸ ಭಾಷೆ ಕಟ್ಟಿದ. ಯಾರಿಗೂ ಅರ್ಥವಾಗದ ಭಾಷೆ ಕಟ್ಟುವುದರಲ್ಲಿ ನಮ್ಮ ವಿಚಾರಸಂಕಿರಣದವರೇನೂ ಹಿಂದಿಲ್ಲ. ಆದರೆ ಅವನದಕ್ಕೆ ರಾಗವಿದೆ.

ಉ) ಐದನೆಯ ವರ್ಗ... ಬೇಡ, ಸಾಕಾಯಿತು. ಐದೂ ಒಬ್ಬರೇ. ಷಡ್ಡಕರೇ ಚುರುಮುರಿಗೆ ಮುಂಚೆ ಸಂಖ್ಯಾವಾದಿ, ಚುರುಮುರಿ ಆದ ಮೇಲೆ ನಾಕ್ಷತ್ರಿಕ.

4. ಅಡಿಟಿಪ್ಪಣಿ ಪ್ರಕರಣ

ಪಂಡಿತರಿಗೆ ಅಡಿಟಿಪ್ಪಣಿ ಎಷ್ಟು ಅಪಾಯವೆಂಬುದಕ್ಕೆ ಈ ಕ್ಷೇತ್ರ ಒಳ್ಳೆಯ ಸಾಕ್ಷಿ. 1973ರಲ್ಲಿ ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್, ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿದರು. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ಶಾಸ್ತ್ರಗಳನ್ನು ವಿಂಗಡಿಸುವ ಟಿಪ್ಪಣಿ. ನಮ್ಮಲ್ಲಿ ಇಂಥದನ್ನು ಓದಿದವರು ಪುಟ ತಿರುವುತ್ತಾರೆ. ಆಂಡರ್ಸನ್ ಎರಡು ರೆಕಾರ್ಡು, ನಾಲ್ಕು ಮುಖ, ಮುಖಕ್ಕೊಂದರಂತೆ ನಾಲ್ಕು ಹಾಡು, 80 ನಿಮಿಷಕ್ಕೂ ಮಿಗಿಲಾದ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ ಮಾಡಿದರು. ಕೀಬೋರ್ಡ್ ನುಡಿಸುತ್ತಿದ್ದ ರಿಕ್ ವೇಕ್‌ಮನ್‌ಗೆ ಅದು ಒಗ್ಗಲಿಲ್ಲ. ಅವರೇ ಹೇಳಿಕೊಂಡಿರುವಂತೆ, ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನ ಕಛೇರಿಯ ನಡುವೆ, ವೇದಿಕೆಯ ಮೇಲೆಯೇ, ಹಪ್ಪಳ ಸಮೇತ ಇಂಡಿಯನ್ ಕರಿ ತರಿಸಿಕೊಂಡು ಉಂಡರು. ಮರುವರ್ಷ ತಂಡ ಬಿಟ್ಟರು.

ಶಾಸ್ತ್ರವೂ ನಮ್ಮದೇ, ಸಾರೂ ನಮ್ಮದೇ. ಈ ಸಾಂಸ್ಕೃತಿಕ ಅನುಸಂಧಾನದ ಬಗ್ಗೆ ಉಪವಕ್ತೃಗಳು ಮೂರು ತಿಂಗಳು ಚರ್ಚಿಸಿದ್ದಾರೆ. ಈ ಪ್ರಬಂಧಕ್ಕೆ ನಾನು ಅಡಿಟಿಪ್ಪಣಿ ಹಾಕದಿರುವ ಕಾರಣ ಓದುಗರಿಗೆ ಈಗ ತಿಳಿದಿರಬೇಕು.

5. ಅಣಕು ಪ್ರಕರಣ

ಜೆಥ್ರೊ ಟಲ್ ತಂಡದ ಇಯಾನ್ ಆಂಡರ್ಸನ್ ಅವರಿಗೂ ನನ್ನ ಹಾಗೆಯೇ ರೇಗಿತ್ತು. ಅವರ 1971ರ ಆಲ್ಬಮ್ಮಿನಲ್ಲಿ ವಿಮರ್ಶಕರು ಒಂದೇ ಮಹಾವಸ್ತು ಹುಡುಕಿದರು. ಹಾಗೇನೂ ಇಲ್ಲವೆಂದರೂ ಕೇಳಲಿಲ್ಲ. ಸರಿ, ಬೇಕಾದರೆ ತಗೊಳ್ಳಿ ಎಂದು 1972ರಲ್ಲಿ ‘ಥಿಕ್ ಆಸ್ ಎ ಬ್ರಿಕ್’ ಮಾಡಿದರು. ಇಡೀ ಆಲ್ಬಮ್ ಒಂದೇ ಹಾಡು. ಸಾಹಿತ್ಯ ಜೆರಾಲ್ಡ್ ಬಾಸ್ಟಾಕ್ ಎಂಬ ಎಂಟು ವರ್ಷದ ಹುಡುಗನದೆಂಬ ಸುಳ್ಳು. ರೆಕಾರ್ಡಿನ ಹೊದಿಕೆಯೇ ಹನ್ನೆರಡು ಪುಟದ ಒಂದು ಹುಸಿ ಪತ್ರಿಕೆ. ಅಪ್ಪಟ ಅಣಕ. ಆದದ್ದೇನು? ಅಮೆರಿಕದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಜೆರಾಲ್ಡ್ ನಿಜವಾದ ಹುಡುಗನೇ ಎಂದು ನಂಬಿದವರಿದ್ದರು. ಇಂದಿಗೂ ಅದು ಪ್ರಗತಿಶೀಲ ಬಂಡೆಯ ಪ್ರಸ್ಥಾನಗ್ರಂಥಗಳಲ್ಲಿ ಒಂದು. ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ದಶಕಗಟ್ಟಲೆ ಹೊಡೆದಾಡಿದ ನಾಡಿನಲ್ಲಿ ಕೂತು ನಾನು ಯಾರನ್ನು ನೋಡಿ ನಗಲಿ? ನಾಳೆ ಈ ಪ್ರಬಂಧವೂ ಯಾರದೋ ಆಕರಸೂಚಿಯಲ್ಲಿ ಗಂಭೀರವಾಗಿ ಕೂತೀತು.

6. ಬಚ್ಚಿಟ್ಟವರ ಪ್ರಕರಣ

ಇಲ್ಲಿಂದ ಮುಂದೆ ಪಾರಿಭಾಷಿಕ ಪದ ಬಳಸುವ ತಾಳ್ಮೆ ನನಗಿಲ್ಲ.

ಹೋದ ವರ್ಷ ಆ ಕೋಣೆಗೆ ಒಬ್ಬ ಅತಿಥಿ ಬಂದರು. 1971ರ ಒಂದು ಕಛೇರಿಯ ಟೇಪು ತಮ್ಮಲ್ಲಿದೆ, ಜಗತ್ತಿನಲ್ಲಿ ಮೂರೇ ಜನರ ಹತ್ತಿರ ಇದೆ ಎಂದರು. ನಾಲ್ವರು ಉಪವಕ್ತೃಗಳೂ ಉಸಿರು ಬಿಗಿಹಿಡಿದರು. ಕೇಳಿಸಿ ಎಂದೆ. ನಕ್ಕರು. "ಕೇಳಿಸಿಬಿಟ್ಟರೆ ಅಪರೂಪ ಹೇಗಾಗುತ್ತೆ?" ಎಂದರು. ಒಂದು ಗಂಟೆ ಆ ಟೇಪು ಹೇಗೆ ಕೇಳಿಸುತ್ತದೆಂದು ವರ್ಣಿಸಿದರು. ಊಟ ಮಾಡಿ ಹೋದರು.

ಇದಕ್ಕೆ ರಸಿಕತೆ ಅನ್ನುವುದಿಲ್ಲ ಸ್ವಾಮಿ. ಕಣಜದಲ್ಲಿ ಭತ್ತ ತುಂಬಿಟ್ಟು ಬೀಗ ಹಾಕಿ, ಹೊರಗೆ ನಿಂತವರಿಗೆ ಅನ್ನದ ಘಮ ವರ್ಣಿಸುವುದಕ್ಕೆ ಬೇರೆ ಹೆಸರಿದೆ.

ಬಿಬಿಸಿ ಒಂದು ಕಾಲದಲ್ಲಿ ಟೇಪು ದುಬಾರಿಯೆಂದು ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದರ ಮೇಲೇ ಬೇರೆಯದನ್ನು ಮುದ್ರಿಸಿತು. ಅಳಿದದ್ದರಲ್ಲಿ ಅಲ್ಪಸ್ವಲ್ಪ ಉಳಿದದ್ದು, ಮನೆಯಲ್ಲಿ ರೇಡಿಯೊ ಮುಂದೆ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಕೇಳುಗರಿಂದ. ಜೆನೆಸಿಸ್ ತಂಡ 1970ರ ಜನವರಿಯಲ್ಲಿ ಚಿತ್ರಕಾರನೊಬ್ಬನ ಕುರಿತ ಸಾಕ್ಷ್ಯಚಿತ್ರಕ್ಕೆಂದು ನುಡಿಸಿದ್ದು ಜನರ ಕೈಗೆ ಅಧಿಕೃತವಾಗಿ ಬಂದದ್ದು 2008ರಲ್ಲಿ. ಇನ್ನು ಅಮೆರಿಕದ ಮೈಕ್ ಮಿಲಾರ್ಡ್. ನಡೆಯಬಲ್ಲ ಮನುಷ್ಯ, ಗಾಲಿಕುರ್ಚಿಯಲ್ಲಿ ಕೂತು, ಅದರಡಿ ನಾಕಾಮಿಚಿ ಕ್ಯಾಸೆಟ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಲಾಸ್ ಏಂಜಲೀಸಿನ ಕಛೇರಿಗಳಿಗೆ ಹೋಗುತ್ತಿದ್ದ. 1975ರ ಏಪ್ರಿಲ್ 26ರಂದು ಪಿಂಕ್ ಫ್ಲಾಯ್ಡ್ ನುಡಿಸಿದ್ದನ್ನು ಹಾಗೆಯೇ ಹಿಡಿದ. 1994ರಲ್ಲಿ ತೀರಿಕೊಂಡ, ಸಾಯುವ ಮುಂಚೆ ಟೇಪುಗಳನ್ನೆಲ್ಲ ನಾಶ ಮಾಡಿದನೆಂದು ಸುದ್ದಿ ಹಬ್ಬಿತ್ತು. ಸುಳ್ಳು, ಟೇಪು ಉಳಿದಿದ್ದವು. ಅಂದು ಕಾವಲುಗಾರರ ಕಣ್ಣಿಗೆ ಬಿದ್ದಿದ್ದರೆ ಕಿತ್ತುಕೊಳ್ಳುತ್ತಿದ್ದ ಅದೇ ಮುದ್ರಣವನ್ನು ಐವತ್ತು ವರ್ಷದ ಮೇಲೆ, 2025ರಲ್ಲಿ, ತಂಡದ ಅಧಿಕೃತ ಪೆಟ್ಟಿಗೆಯಲ್ಲೇ ಸೇರಿಸಿದರು. ಬಚ್ಚಿಟ್ಟುಕೊಂಡು ಒಳಗೆ ಹೋದವನಿಗೂ ಬಚ್ಚಿಟ್ಟುಕೊಂಡೇ ಕೂತವನಿಗೂ ಇರುವ ದೂರ ಅಷ್ಟು.

7. ಉಪಸಂಹಾರದ ಬದಲು

ಇಷ್ಟೆಲ್ಲ ಬೈದವನ ಕಥೆಯನ್ನೂ ಕೇಳಿ.

ಎಂಬತ್ತರ ದಶಕದಲ್ಲಿ ನನಗೊಬ್ಬ ಕಾಲೇಜು ಗೆಳೆಯ ‘ರೆಡ್’ ಮುದ್ರಿಸಿಕೊಟ್ಟಿದ್ದ. ರೆಕಾರ್ಡ್ ಪ್ಲೇಯರಿನಿಂದ ತಂತಿ ಎಳೆಯುವ ಸೌಕರ್ಯವಿರಲಿಲ್ಲ. ಸ್ಪೀಕರಿನ ಮುಂದೆ ಟೂ ಇನ್ ವನ್ ಇಟ್ಟು ಗುಂಡಿ ಒತ್ತಿದ, ಅಷ್ಟೇ. ಕೊನೆಯ ಹಾಡು ಹನ್ನೆರಡು ನಿಮಿಷದ್ದು, ಮೆಲೊಟ್ರಾನ್ ಮೆಲ್ಲಗೆ ಏಳುವುದರಿಂದ ಮೊದಲಾಗುತ್ತದೆ. ಅಲ್ಲಿ, ಆ ಸ್ವರದ ಮೇಲೆ, ಅಡುಗೆಮನೆಯಿಂದ ಅವನ ಅಮ್ಮ: "ಅನ್ನ ಆರಿಹೋಗ್ತಿದೆ, ಬರ್ರೋ ಇಬ್ಬರೂ." ತಟ್ಟೆ ಇಟ್ಟ ಸದ್ದು. ಎಲ್ಲ ಸೇರಿ ಎಂಟು ಸೆಕೆಂಡು ಇರಲಿಕ್ಕಿಲ್ಲ. ವರ್ಷಗಟ್ಟಲೆ ನಾನು ಆ ಹಾಡನ್ನು ಕೇಳಿದ್ದು ಹಾಗೆ. ಷಡ್ಡಕರ 24 ತಟ್ಟೆಯ ಪೆಟ್ಟಿಗೆಯಲ್ಲಿ ಮೊದಲ ಸಲ ಶುದ್ಧಪಾಠ ಕೇಳಿದಾಗ ಆ ಜಾಗದಲ್ಲಿ ಏನೋ ಕಿತ್ತುಹೋದ ಹಾಗಾಯಿತು. ಪೀಳಿಗೆವಾದಿಗಳ ಲೆಕ್ಕದಲ್ಲಿ ನನ್ನದು ಕಸ. ಆದರೆ ಕ್ರಿಮ್ಸನ್‌ನವರೇ 1972ರಲ್ಲಿ ಕ್ಯಾಸೆಟ್ಟಿಗೆ ಹಿಡಿದ ಕಛೇರಿಯನ್ನು ಆಲ್ಬಮ್ ಮಾಡಿದಾಗ, ಸದ್ದು ಚೆನ್ನಾಗಿಲ್ಲವೆಂದು ಅಮೆರಿಕದ ಕಂಪನಿ ಕೈಬಿಟ್ಟದ್ದುಂಟು. ಅದಕ್ಕೀಗ ಭಾಷ್ಯಕಾರರಿದ್ದಾರೆ.

ಅಮ್ಮ ಹೋದ ಮೇಲೆ ಗೆಳೆಯ ಒಂದು ಸಲ ಕೇಳಿದ್ದ: "ಆ ಟೇಪ್ ಇದ್ರೆ ಒಂದು ಪ್ರತಿ ಮಾಡಿಕೊಡೋ." ಕೊಡ್ತೀನಿ ಅಂದೆ. ಆಮೇಲೆ ಮದುವೆ, ವರ್ಗಾವಣೆ, ಮಕ್ಕಳು. ಕ್ಯಾಸೆಟ್ಟುಗಳ ಡಬ್ಬ ತುಮಕೂರಿನ ಕಡೆ ನಮ್ಮೂರಿನ ಮನೆಯ ಅಟ್ಟ ಸೇರಿತು. ಒಂದು ದಸರೆಗೆ ಹೋದಾಗ ನಮ್ಮ ಸೂರ್ಯಕಾಂತಿ ಹೊಲದಲ್ಲಿ ಗೂಟದಿಂದ ಗೂಟಕ್ಕೆ ಕಂದು ಬಣ್ಣದ ಟೇಪು ಮಿರಮಿರ ಮಿಂಚುತ್ತಿತ್ತು. ಗಾಳಿಗೆ ಗುಂಯ್ ಅನ್ನುತ್ತಿತ್ತು. "ಗಿಣಿ ಕಾಟ ಕಣಣ್ಣ, ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತಲ್ಲ" ಎಂದ ತಮ್ಮ. ಅವನದೇನೂ ತಪ್ಪಿಲ್ಲ. ಖಾಲಿ ಡಬ್ಬಿಯ ಮೇಲೆ ಗೆಳೆಯನ ಕೈಬರಹ ಹಾಗೇ ಇತ್ತು.

ಅತಿಥಿಯನ್ನು ಬೈದೆನಲ್ಲ, ಅವರದು ಕಡೇಪಕ್ಷ ಡಬ್ಬಿಯೊಳಗಾದರೂ ಇದೆ.

ಆ ಹಾಡಿಗೆ ಎಷ್ಟು ನಕ್ಷತ್ರ ಎಂದು ಷಡ್ಡಕರು ಕೇಳುತ್ತಿರುತ್ತಾರೆ. ಅದರ ಹೆಸರೇ ‘ಸ್ಟಾರ್‌ಲೆಸ್’.

ಓದುಗರಲ್ಲಿ ಒಂದೇ ಕೋರಿಕೆ. ನಿಮ್ಮ ಅಟ್ಟದ ಮೇಲೂ ಯಾರೋ ಮುದ್ರಿಸಿಕೊಟ್ಟ ಕ್ಯಾಸೆಟ್ ಇದ್ದೀತು. ಪೀಳಿಗೆ ವಿಚಾರಿಸಬೇಡಿ. ಈ ಭಾನುವಾರ ಇಳಿಸಿ, ಕೊನೆಯವರೆಗೆ ಕೇಳಿ, ಪ್ರತಿ ಮಾಡಿ ಕೊಡಬೇಕಾದವರಿಗೆ ಕೊಟ್ಟುಬಿಡಿ.