ಆವರೇಜ್ ರಾಯರು

ಡೊಂಬಿವಲಿ ಪೂರ್ವದಲ್ಲಿ ಯಾರೇ ಹೊಸ ಕಾರು ತರಲಿ, ಅದಕ್ಕೆ ಚೆಂಡುಹೂವಿನ ಮಾಲೆ ಬೀಳುವ ಮೊದಲು, ಗಾಲಿಯಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲು ಒಂದು ಪ್ರಶ್ನೆ ಬಂದು ಬಾನೆಟ್ಟಿನ ಮೇಲೆ ಕೂರುತ್ತದೆ: ‘ಆವರೇಜ್ ಎಷ್ಟು ಕೊಡ್ತದೆ ಮಾರಾಯ್ರೆ?’ ಕೇಳುವವರು ರಾಯರು. ರಾಯರೆಂದರೆ ಒಬ್ಬರೇ ಅಲ್ಲ, ಮಾನ್ಪಾಡಾ ರಸ್ತೆಯ ಸೊಸೈಟಿಗೊಬ್ಬರಂತೆ ಇದ್ದಾರೆ. ಕೆಲವರ ಅಡ್ಡಹೆಸರು ಶೆಟ್ಟಿ, ಕೆಲವರದು ಪೂಜಾರಿ, ಕುಲಕರ್ಣಿ. ಬ್ಯಾಂಕಿನಿಂದಲೋ ವಿಮಾ ಕಚೇರಿಯಿಂದಲೋ ನಿವೃತ್ತರು. ಶರಟಿನ ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುವುದಕ್ಕೆ, ಇನ್ನೊಂದು ಅದು ಕೈಕೊಟ್ಟರೆ ಇರಲಿ ಎಂದು. ನಾನು ಹೇಳಹೊರಟಿರುವುದು ನಮ್ಮ ಬಿಲ್ಡಿಂಗಿಗೆ ಬಂದಿರುವ ಪ್ರತಿಯ ಬಗ್ಗೆ.

ಈ ರಾಯರ ಬಳಿ ಎಂಎಚ್-05 ಪಾಸಿಂಗಿನ ಮಾರುತಿ 800 ಇದೆ. 1983ರ ಡಿಸೆಂಬರಿನಲ್ಲಿ ಶುರುವಾಗಿ 2014ರ ಜನವರಿಯಲ್ಲಿ ನಿಂತುಹೋದ ವಂಶದ ಕೊನೆಗಾಲದ ಕುಡಿ. ಅದನ್ನು ಕೊಟ್ಟು ಹೊಸದು ತರಬೇಕೆಂದು ಮನೆಯಲ್ಲಿ ಠರಾವು ಪಾಸಾದ ಮೇಲೆ ಎಷ್ಟೋ ಗುಡಿ ಪಾಡವಾ, ಎಷ್ಟೋ ದಸರಾ ಕಳೆದಿವೆ. ಠರಾವು ಹಾಗೇ ಇದೆ, 800 ಕೂಡ ಹಾಗೇ ಇದೆ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹೆಂಡತಿಯ ಹಾಲಿನ ಲೆಕ್ಕದ ಪಕ್ಕದಲ್ಲೇ ರಾಯರ ಪೆಟ್ರೋಲ್ ಲೆಕ್ಕ: ತಾರೀಕು, ಲೀಟರು, ಮೀಟರಿನ ಅಂಕಿ, ಭಾಗಾಕಾರ, ದಶಾಂಶದ ಮುಂದೆ ಎರಡು ಸ್ಥಾನ. ಟ್ಯಾಂಕ್ ಫುಲ್ಲಿನಿಂದ ಟ್ಯಾಂಕ್ ಫುಲ್ಲಿಗೆ, ಅದೇ ಪಂಪು, ಸಾಧ್ಯವಾದರೆ ಅದೇ ನಳಿಗೆ, ಮೊದಲ ಆಟೋಕಟ್ಟಿಗೇ ನಿಲ್ಲಿಸಬೇಕು. ಪಂಪಿನ ಹುಡುಗ ರೌಂಡ್ ಫಿಗರ್ ಮಾಡಲು ಇನ್ನೊಂದು ಚೂರು ಒತ್ತಿದನೋ, ಆ ತಿಂಗಳ ಸಂಶೋಧನೆಯೇ ಕೆಟ್ಟಿತು.

ಷೋರೂಮಿನವರಿಗೆ ರಾಯರೆಂದರೆ ಪ್ರೀತಿಯೂ ಇದೆ, ಭಯವೂ ಇದೆ. ಸೇಲ್ಸಿನ ಹುಡುಗ ‘ಅಂಕಲ್, ಎಆರ್‌ಎಐ ಸರ್ಟಿಫೈಡ್ 26.68’ ಎಂದ ಒಂದು ದಿನ. ರಾಯರು ಕುರ್ಚಿ ಎಳೆದು ಕೂತರು. ‘ಆ ಪರೀಕ್ಷೆ ಪುಣೆಯ ಎಆರ್‌ಎಐಯವರ ಪದ್ಧತಿಯಲ್ಲಿ ರೋಲರ್ ಮೇಲೆ ನಡೆಯುವುದಲ್ಲವೋ? ಒಟ್ಟು 1,180 ಸೆಕೆಂಡು. ಇಪ್ಪತ್ತು ನಿಮಿಷವೂ ಇಲ್ಲ. ವೇಗ ಗಂಟೆಗೆ 90 ದಾಟುವ ಹಾಗಿಲ್ಲ, ಎ.ಸಿ. ಹಚ್ಚುವ ಹಾಗಿಲ್ಲ. ಇಪ್ಪತ್ತು ನಿಮಿಷದಲ್ಲಿ ನಾನು ಶಿಳ್‌ಫಾಟಾದ ಒಂದು ಸಿಗ್ನಲ್ ದಾಟ್ತೇನೆ. ಆ ರೋಲರನ್ನು ಇಲ್ಲಿಗೆ ತಾ, ಆಮೇಲೆ ಮಾತಾಡುವ.’ ಹುಡುಗ ಟೆಸ್ಟ್ ಡ್ರೈವಿಗೆ ಕರೆದ. ಎಲ್ಲರೂ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಓಡಿಸಿ ನೋಡುವುದು ವಾಡಿಕೆ. ರಾಯರು ಸೋಮವಾರ ಒಂಬತ್ತು ಗಂಟೆಯೇ ಬೇಕೆಂದರು, ಕಟಾಯಿ ನಾಕಾದಿಂದ ಶಿಳ್‌ಫಾಟಾ, ಅಲ್ಲಿಂದ ಮುಂಬ್ರಾ ಬೈಪಾಸ್ ಹತ್ತಿ ಥಾಣೆಯವರೆಗೆ. ಹುಡುಗ ಊಟದ ಹೊತ್ತಿಗೆ ವಾಪಸಾದ. ರಾಯರು ಅವನಿಗೆ ಇಡ್ಲಿ ವಡೆ ತಿನ್ನಿಸಿ ಕಳಿಸಿದರು, ಕಾರು ಮಾತ್ರ ತೆಗೆದುಕೊಳ್ಳಲಿಲ್ಲ.

ರಾಯರನ್ನು ಜಿಪುಣರೆಂದರೆ ತಪ್ಪಾಗುತ್ತದೆ. ಮಗಳ ಮದುವೆಗೆ ಐದು ಬಗೆಯ ಸಿಹಿ ಮಾಡಿಸಿದವರು, ಡೊಂಬಿವಲಿ ಕರ್ನಾಟಕ ಸಂಘದ ಚಂದಾ ಪುಸ್ತಕ ಬಂದರೆ ಕನ್ನಡಕ ಹುಡುಕುವ ನೆಪ ಹೇಳದೆ ಬರೆಯುವವರು. ಅವರ ಕಾಯಿಲೆಯ ಮೂಲ ಬೇರೆ ಇದೆ, ಅದು ರೈಲ್ವೆ ಪಾಸು. ಡೊಂಬಿವಲಿಯಿಂದ ಬೋರಿಬಂದರಿಗೆ ಸುಮಾರು 48 ಕಿಲೋಮೀಟರು. ಅಷ್ಟು ದೂರವನ್ನು ದಿನಕ್ಕೆರಡು ಸಲ, ಉದ್ಯೋಗದ ಆಯುಸ್ಸು ಪೂರ್ತಿ, ತ್ರೈಮಾಸಿಕ ಪಾಸಿನಲ್ಲಿ ಹೋಗಿಬಂದವರಿಗೆ ಕಿಲೋಮೀಟರಿಗೆ ಬಿದ್ದ ಖರ್ಚು ಪೈಸೆಯಲ್ಲಿ ಗೊತ್ತು. ಭೂಮಿಯ ಮೇಲೆ ಬೇರಾವ ವಾಹನವೂ ಆ ದರಕ್ಕೆ ಓಡದು. ಅಂಥ ದೇಹವನ್ನು ತಂದು ಕಾರಿನೊಳಗೆ ಒಬ್ಬಂಟಿ ಕೂರಿಸಿ, ಎಡಗಡೆ ಒಂದು, ಹಿಂದೆ ಮೂರು ಸೀಟು ಖಾಲಿ ಬಿಟ್ಟು, 2025ರ ದರದಲ್ಲಿ ಲೀಟರಿಗೆ 103 ರೂಪಾಯಿಯ ದ್ರವ ಸುಡು ಎಂದರೆ ಅದು ಸುಮ್ಮನೆ ಒಪ್ಪುತ್ತದೆಯೆ?

ಕಾರಿನ ಗಾತ್ರವನ್ನೂ ರಾಯರು ಲೋಕಲ್ಲಿನ ಕಣ್ಣಿನಿಂದಲೇ ಅಳೆಯುತ್ತಾರೆ. ಮೂವರ ಬೆಂಚಿನಲ್ಲಿ ‘ಫೋರ್ತ್ ಸೀಟ್’ ಎಂಬುದೊಂದಿರುವುದು ಮಧ್ಯ ರೈಲ್ವೆಯಲ್ಲಿ ಓಡಾಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಅರ್ಧ ತೊಡೆ ಒಳಗೆ, ಅರ್ಧ ತೊಡೆ ಕರಿರೋಡಿನವರೆಗೆ ಗಾಳಿಯಲ್ಲಿ. ಹೀಗಾಗಿ ವ್ಯಾಗನ್ ಆರ್‌ನ ಹಿಂದಿನ ಸೀಟಿಗೆ ಕಂಪನಿಯವರು ಮೂವರೆಂದರೆ ರಾಯರು ಕಣ್ಣಲ್ಲೇ ನಾಲ್ವರೆಂದು ಬರೆದುಕೊಳ್ಳುತ್ತಾರೆ. ಏಳು ಸೀಟಿನ ಗಾಡಿ ನೋಡಿದರೆ ಅವರಿಗೆ ಸಿಟ್ಟೇ ಬರುತ್ತದೆ. ಹನ್ನೊಂದು ಜನ ಹೋಗುವ ಜಾಗದಲ್ಲಿ ಏಳು ಜನರೆ!

ಮನೆಯೊಳಗೆ ವಿರೋಧ ಪಕ್ಷಗಳು ಎರಡು. ಮಗ ಐರೋಲಿಯ ಸಾಫ್ಟ್‌ವೇರ್ ಕಚೇರಿಯವನು. ಅವನಿಗೆ ಟರ್ಬೊ ಬೇಕು. ರಾತ್ರಿ ಪಾಮ್ ಬೀಚ್ ರಸ್ತೆಯಲ್ಲಿ ಗೆಳೆಯನ ಕಾರು ಓಡಿಸಿ ಬಂದಾಗಿನಿಂದ, ಸಿಗ್ನಲ್ ಹಸಿರಾದ ಕ್ಷಣ ಬೆನ್ನು ಸೀಟಿಗೆ ಅಂಟಬೇಕು ಎನ್ನುತ್ತಾನೆ. ‘ಬೆನ್ನು ಅಂಟಬೇಕಾದರೆ ಸಂಜೆ ದಾದರಿನಲ್ಲಿ ಕಲ್ಯಾಣ್ ಫಾಸ್ಟ್ ಹತ್ತು. ಎದೆಯೂ ಅಂಟ್ತದೆ’ ಎಂಬುದು ರಾಯರ ಉತ್ತರ. ಮಗನೂ ಬಿಡುವವನಲ್ಲ. ಅಪ್ಪ ಮುಂಬ್ರಾ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದನ್ನು ನೋಡಿ, ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನೇ ಕಡಿದುಬಿಡುತ್ತವೆ, ನ್ಯೂಟ್ರಲ್ಲಿನಲ್ಲಿ ಇಂಜಿನ್ನು ಸಾಯದಂತೆ ಕುಡಿಯುತ್ತಲೇ ಇರುತ್ತವೆ, ಅಷ್ಟು ವರ್ಷ ನೀವು ಉಳಿಸಿದ್ದು ಖರ್ಚು ಎಂದ. ಮಗನ ಮಾತು ನಿಜ. ರಾಯರು ಎರಡು ದಿನ ಊಟದಲ್ಲಿ ಸಾರು ಬಡಿಸಿಕೊಳ್ಳಲಿಲ್ಲ.

ಹೆಂಡತಿಯ ಪಕ್ಷದ ಪ್ರಣಾಳಿಕೆ ಒಂದೇ ಸಾಲು: ಡಿಕ್ಕಿ. ಊರಿಂದ ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳದ ಡಬ್ಬ, ಒಂದು ಹಲಸಿನಹಣ್ಣು ಹಿಡಿಯಬೇಕು. ಅವರ ತಂಗಿಯ ಗಂಡ, ಅಂದರೆ ರಾಯರ ಷಡ್ಡಕರು, ಕಲ್ಯಾಣಿನ ಸಿಎನ್‌ಜಿ ಮತದವರು. ಕಿಲೋಗೆ 34.05 ಎಂದು ಕಂಪನಿಯವರ ಅಂಕಿಯನ್ನು ಮಂತ್ರಪುಷ್ಪದ ಕೊನೆಗೆ ಸೇರಿಸಿ ಹೇಳುವಷ್ಟು ನಿಷ್ಠೆ. ಅವರ ಡಿಕ್ಕಿಯಲ್ಲಿ ಸಿಲಿಂಡರು ಮಲಗಿರುವುದರಿಂದ ಹಲಸಿನಹಣ್ಣು ಕಲ್ಯಾಣಿನವರೆಗೂ ಷಡ್ಡಕರ ಹೆಂಡತಿಯ ತೊಡೆಯ ಮೇಲೆ ಬಂತು. ಉಳಿಸಿದ ದುಡ್ಡನ್ನು ಎಣಿಸಲು ಅವರಿಗೆ ಗ್ಯಾಸಿನ ಕ್ಯೂನಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ. 2025ರ ನವೆಂಬರಿನಲ್ಲಿ ಗ್ಯಾಸಿನ ಮುಖ್ಯ ಕೊಳವೆಗೆ ಪೆಟ್ಟಾಗಿ ಮುಂಬಯಿ, ಥಾಣೆ, ನವಿ ಮುಂಬಯಿಗಳ ಪಂಪುಗಳು ಬತ್ತಿದಾಗ ರಾಯರು ದಿನಕ್ಕೊಮ್ಮೆ ಫೋನ್ ಮಾಡಿ ಕುಶಲ ವಿಚಾರಿಸುತ್ತಿದ್ದರು. ಷಡ್ಡಕರ ಕುಶಲ ಅಲ್ಲ, ಗಾಡಿಯದು.

ಎರಡನೆಯ ಮಹಡಿಯಲ್ಲಿ ವಿಜಯಪುರದ ಗೌಡರೊಬ್ಬರಿದ್ದಾರೆ. ದೊಡ್ಡ ಡೀಸೆಲ್ ಎಸ್‌ಯುವಿ. ಸೊಸೈಟಿಯ ಪಾರ್ಕಿಂಗ್ ಗೆರೆಗಳನ್ನು 800ರ ಕಾಲದಲ್ಲಿ ಎಳೆದದ್ದು. ಗೌಡರು ಗಾಡಿ ನಿಲ್ಲಿಸಿದ ಮೇಲೆ ಬಾಗಿಲು ತೆರೆಯಲಾಗದೆ ಹಿಂದಿನ ಡಿಕ್ಕಿಯಿಂದ ಇಳಿದು ಬರುವುದುಂಟು. 2025ರಲ್ಲಿ ರಾಜ್ಯದ ಸಾರಿಗೆ ಸಚಿವ ಪ್ರತಾಪ್ ಸರ್‌ನಾಯಕ್ ಪಾರ್ಕಿಂಗ್ ಜಾಗ ತೋರಿಸದಿದ್ದರೆ ಹೊಸ ಕಾರಿಗೆ ನೋಂದಣಿ ಇಲ್ಲ ಎಂಬ ನಿಯಮದ ಮಾತೆತ್ತಿದಾಗ ರಾಯರು ಆ ಪತ್ರಿಕೆಯ ತುಂಡನ್ನು ಲಿಫ್ಟಿನ ಪಕ್ಕ ಅಂಟಿಸಿದರು. (ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೇಶದ ಮೊದಲ ಟೆಸ್ಲಾ ಕಾರಿನ ಕೀಲಿ ಪಡೆದವರೂ ಅದೇ ಸಚಿವರು. ಆ ತುಂಡು ಅಂಟಿಸಲಿಲ್ಲ.) ಗೌಡರಿಗೆ ಯಾವುದರದೂ ಗೊಡವೆಯಿಲ್ಲ. ‘ಗಾಡಿ ಅಂದ್ರ ಆನಿ ಬಂದ್ಹಂಗ ಬರಬೇಕ್ರಿ ರಾಯರ. ಆನಿಗೆ ಯಾರರೆ ಆವರೇಜ್ ಕೇಳತಾರೇನು?’ ರಾಯರು ನಿಜವಾಗಿ ಯೋಚಿಸಿದರು. ‘ಮಾವುತ ಕೇಳ್ತಾನೆ’ ಎಂದರು.

ರಾಯರ ಲೆಕ್ಕವನ್ನೇ ತೆಗೆದುಕೊಂಡು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅವರ 800 ತಿಂಗಳಿಗೆ ಓಡುವುದು ಸುಮಾರು 300 ಕಿಲೋಮೀಟರು: ಗಣೇಶ ಮಂದಿರ, ಷಡ್ಡಕರ ಮನೆ, ವಾಶಿಯಲ್ಲೊಂದು ಮುಂಜಿ. ಇಪ್ಪತ್ತು ಕೊಡುವ ಗಾಡಿಗೆ 15 ಲೀಟರು, ಹನ್ನೆರಡು ಕೊಡುವ ಗಾಡಿಗೆ 25. ಅದೇ 103ರ ದರದಲ್ಲಿ ವ್ಯತ್ಯಾಸ ತಿಂಗಳಿಗೆ ಸಾವಿರದ ಮೂವತ್ತು ರೂಪಾಯಿ. ಫಡ್ಕೆ ರಸ್ತೆಯಲ್ಲಿ ದೀಪಾವಳಿಯ ಒಂದು ಸಂಜೆಗೆ ಸಾಲದ ಮೊತ್ತ. ಇಷ್ಟಕ್ಕಾಗಿ ಇಷ್ಟು ವರ್ಷ ತಕ್ಕಡಿ ಹಿಡಿದು ನಿಂತಿದ್ದಾರೆ. ಆದರೆ ಈ ಲೆಕ್ಕ ಅವರ ವಿರುದ್ಧ ಮಾತ್ರ ಹೋಗುವುದಿಲ್ಲ. ಮಗ ಒಂದು ದಿನ ರಾಜಿಸೂತ್ರ ತಂದ: ಹೈಬ್ರಿಡ್ ಗ್ರಾಂಡ್ ವಿಟಾರಾ. ಉದ್ದ 4,345 ಮಿಲಿಮೀಟರು, ಸರ್ಟಿಫೈಡ್ ಆವರೇಜು 27.97. ದೊಡ್ಡದೂ ಆಯಿತು, ಮಿತವ್ಯಯವೂ ಆಯಿತು. ರಾಯರು ಕ್ಯಾಲೆಂಡರಿನ ಬೆನ್ನ ಮೇಲೆ ಬರೆದರು. ಸಾದಾ ಮಾದರಿಗಿಂತ ನಾಲ್ಕು ಲಕ್ಷ ಹೆಚ್ಚು ಎಂದು ಹಿಡಿ. ಹದಿನಾಲ್ಕರ ಬದಲು ಇಪ್ಪತ್ತೆಂಟು ಕೊಟ್ಟರೆ ವರ್ಷಕ್ಕೆ ಉಳಿಯುವುದು ಹದಿಮೂರು ಸಾವಿರದಷ್ಟು. ನಾಲ್ಕು ಲಕ್ಷ ಮರಳಿ ಬರಲು ಮೂವತ್ತು ವರ್ಷ. ‘ಆಗ ನನಗೆ ತೊಂಬತ್ತನಾಲ್ಕು. ಲಾಭ ತಿನ್ನಲಿಕ್ಕೆ ಹಲ್ಲೆಲ್ಲಿದೆ?’

ತೆರಿಗೆಯ ರಾಜಕೀಯ ಬೇರೆ. ನಾಲ್ಕು ಮೀಟರಿನೊಳಗಿನ ಕಾರಿಗೆ ಸುಂಕ ಕಡಿಮೆ ಎಂದು 2006ರ ಬಜೆಟ್ಟಿನಲ್ಲಿ ಗೆರೆ ಎಳೆದಂದಿನಿಂದ ಕಾರುಗಳೂ ರಾಯರ ಹಾಗೆ ಬದುಕಲು ಕಲಿತವು. 4,160 ಮಿಲಿಮೀಟರ್ ಉದ್ದವಿದ್ದ ಡಿಜೈರ್ 2012ರಲ್ಲಿ ಬಾಲ ಕತ್ತರಿಸಿಕೊಂಡು 3,995ಕ್ಕೆ ಬಂದು ನಿಂತಿತು. ಐದು ಮಿಲಿಮೀಟರ್ ಅಂತರದಲ್ಲಿ ಗೆರೆಯೊಳಗೆ! ರಾಯರು ಇದನ್ನು ಹೇಳುವಾಗ ಮುಖದಲ್ಲಿ ಕಳೆ ಬರುತ್ತದೆ. ಹೆಂಡತಿ ಮಾತ್ರ ಆ ಕತ್ತರಿಸಿದ ಜಾಗದಲ್ಲೇ ಹಲಸಿನಹಣ್ಣು ಇರಬೇಕಿತ್ತು ಎನ್ನುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಇನ್ನು ನಿರ್ಧಾರವಾದಂತೆ ಎಂದು ಇಡೀ ಬಿಲ್ಡಿಂಗು ನಂಬಿತು. ಕೆಟ್ಟದ್ದೇನಾಯಿತೆಂದರೆ, ಸೆಸ್ಸೂ ಸೇರಿ ಐವತ್ತರ ಹತ್ತಿರವಿದ್ದ ದೊಡ್ಡ ಗಾಡಿಗಳ ತೆರಿಗೆಯೂ ಅದೇ ದಿನ ನಲವತ್ತಕ್ಕೆ ಇಳಿಯಿತು. ಸರ್ಕಾರ ಅಪ್ಪನನ್ನೂ ಗೆಲ್ಲಿಸಿತು, ಮಗನನ್ನೂ ಗೆಲ್ಲಿಸಿತು. ಆ ದಸರಾದಲ್ಲಿ ಮನೆಗೆ ಬಂದದ್ದು ಮಿಕ್ಸರ್.

ನಾನು ರಾಯರನ್ನು ನೋಡಿ ನಗುವವನೇ. ಆದರೆ ಒಂದು ವಿಷಯದಲ್ಲಿ ಅವರಿಗೆ ಕೈಮುಗಿಯಬೇಕು. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆತ ಮೇಲೆ ಟಿ.ವಿ.ಯಲ್ಲಿ ದಿನವೂ ಜಗಳ. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹೊಂದಿಸಿದ ಗಾಡಿಗಳಲ್ಲಿ ಇಳಿಕೆ ಶೇ. 1ರಿಂದ 2, ಮಿಕ್ಕವುಗಳಲ್ಲಿ 3ರಿಂದ 6 ಎಂದು ಸರ್ಕಾರ ಹೇಳಿತು, ಜನ ನಂಬಲಿಲ್ಲ. ಕಿರುಚುತ್ತಿದ್ದ ಯಾರ ಹತ್ತಿರವೂ ಹಳೆಯ ಲೆಕ್ಕ ಇರಲಿಲ್ಲ. ರಾಯರ ಹತ್ತಿರ ಇತ್ತು. ಹಳೆಯ ಕಾಲನಿರ್ಣಯಗಳನ್ನು ಅಟ್ಟದಿಂದ ಇಳಿಸಿ, ತಿಂಗಳಿಗೆ ತಿಂಗಳು ತಾಳೆ ಹಾಕಿ, 800ರ ಆವರೇಜು ಬಿದ್ದದ್ದನ್ನು ಅವರು ಬಾಯಿಪಾಠ ಒಪ್ಪಿಸಿದರು. ಗೌಡರಿಗೆ ಊರಿನ ಕಡೆ ಕಬ್ಬಿನ ಗದ್ದೆ. ‘ಬೈಬ್ಯಾಡ್ರಿ. ನಮ್ಮ ಕಬ್ಬಿನ ಹಾಲು ಕುಡದ ಓಡಾಕತ್ತೈತಿ ನಿಮ್ಮ ಗಾಡಿ’ ಎಂದರು. ರಾಯರಿಗೆ ಸಮಾಧಾನವಾಗಲಿಲ್ಲ. ಕಬ್ಬಿನ ಹಾಲು ಸ್ಟೇಷನ್ ಹೊರಗೆ ಇದಕ್ಕಿಂತ ಅಗ್ಗ.

ರಾಯರ ಮಗಳ ಗಂಡ ಥಾಣೆಯ ಘೋಡ್‌ಬಂದರ್ ರಸ್ತೆಯ ಗೋಪುರವಾಸಿ. ಅಲ್ಲಿನವರಿಗೆ ಎತ್ತರದ ಗಾಡಿಯೇ ಬೇಕು. ಮುಂದಿನ ಕಂಟೇನರಿನ ಹಿಂಬದಿಯನ್ನು ಗಂಟೆಗಟ್ಟಲೆ ನೋಡುವುದಾದರೆ ಸ್ವಲ್ಪ ಮೇಲಿನಿಂದ ನೋಡೋಣ ಎಂಬ ಆಸೆ. ಅಳಿಯನ ಗಾಡಿ ಲೀಟರಿಗೆ ಒಂಬತ್ತು ಕೊಡುತ್ತದೆ. ಇದು ರಾಯರ ಮನೆಯಲ್ಲಿ ತಗ್ಗಿದ ದನಿಯಲ್ಲಿ ಆಡುವ ಮಾತು. 2024ರ ರಾಜ್ಯ ಬಜೆಟ್ಟಿನಲ್ಲಿ ಮುಂಬಯಿ, ಥಾಣೆ, ನವಿ ಮುಂಬಯಿಗಳ ಪೆಟ್ರೋಲ್ ತೆರಿಗೆ ತಗ್ಗಿ ಲೀಟರಿಗೆ 65 ಪೈಸೆ ಇಳಿದಾಗ ಅಳಿಯನಿಗೆ ಫೋನ್ ಮಾಡಿ ಹೇಳಿದವರು ಮಾವನೇ. ಅಳಿಯನಿಗೆ ಗೊತ್ತೇ ಇರಲಿಲ್ಲ. ಮಗಳನ್ನು ಎಂಥ ಮನೆಗೆ ಕೊಟ್ಟೆ ಎಂದು ರಾಯರು ಆ ರಾತ್ರಿ ಹೆಂಡತಿಯ ಬಳಿ ಮರುಗಿದರಂತೆ.

2025ರ ಆಗಸ್ಟಿನಲ್ಲಿ, ಚೌತಿಯ ಮುಂಚೆ, ಕೊಂಕಣ ರೈಲ್ವೆಯವರು ಕಾರುಗಳನ್ನೇ ರೈಲಿಗೆ ಏರಿಸಿ ಕೋಲಾಡಿನಿಂದ ಗೋವಾದ ವೆರ್ನಾದವರೆಗೆ ಒಯ್ಯುವ ಸೇವೆ ಆರಂಭಿಸಿದರು. 2011ರಿಂದ ಅಗಲವಾಗುತ್ತಲೇ ಇರುವ ಮುಂಬಯಿ–ಗೋವಾ ಹೆದ್ದಾರಿಯ ಗುಂಡಿಗಳಿಂದ ಮುಕ್ತಿ. ರಾಯರಿಗೆ ಇದು ತಾತ್ವಿಕ ಪೆಟ್ಟು ಕೊಟ್ಟಿತು: ಕಾರು ನಾನೂರು ಚಿಲ್ಲರೆ ಕಿಲೋಮೀಟರು ಹೋಗುತ್ತದೆ, ಮೀಟರು ತಿರುಗುವುದಿಲ್ಲ, ಪೆಟ್ರೋಲ್ ಹನಿಯೂ ಖರ್ಚಿಲ್ಲ. ಆವರೇಜ್ ಎಷ್ಟು? ‘ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬಾರದು ಅಪ್ಪಾ’ ಎಂದ ಮಗ. ರಾಯರು ಹಾಗೆ ಬಿಡುವವರೆ? ಕಾರಿನ ಬಾಡಿಗೆ 7,875 ರೂಪಾಯಿ, ನಮ್ಮ ಟಿಕೆಟ್ ಬೇರೆ. ಬಾಡಿಗೆಯನ್ನು 103ರಿಂದ ಭಾಗಿಸಿದರೆ 76 ಲೀಟರು. ದೂರವನ್ನು ಅದರಿಂದ ಭಾಗಿಸಿದರೆ ಲೀಟರಿಗೆ ಐದೂವರೆ.

ಅವರು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅಂಕಿಯನ್ನು ನೋಡಿದರು. ಆಮೇಲೆ ಥಾಣೆಗೆ ಫೋನ್ ಹಚ್ಚಿದರು. ‘ಅಳಿಯಂದಿರೇ, ನಿಮ್ಮ ಗಾಡಿ ಪರವಾಗಿಲ್ಲ ಮಾರಾಯ್ರೆ. ಒಂಬತ್ತು ಕೊಡ್ತದೆ!’